ಪದ ಮೊದಲು ಕೇಳಲಿ

ಸಿದ್ದಾಪುರ ತಾಲೂಕಿನ ಬಿಳಗಿ ಸೀಮೆಯಲ್ಲಿ ಯಕ್ಷಗಾನ ನೋಡುವುದು ವರ್ಷಕ್ಕೆ ಕೆಲವೇ ರಾತ್ರಿ, ಕೇಳುವುದು ವರ್ಷವಿಡೀ. (ಬಾಗಲಕೋಟೆ ಜಿಲ್ಲೆಯ ಬೀಳಗಿ ಬೇರೆ, ಇದು ರತ್ನತ್ರಯ ಬಸದಿಯ ಬಿಳಗಿ.) ಅಡಕೆ ಕೊಯ್ಲು ಶುರುವಾಯಿತೆಂದರೆ ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯಲು ಕೂತವರ ನಡುವೆ ಭಾಗವತರೊಬ್ಬರು ಪದ ಹೇಳುತ್ತಿರಲೇಬೇಕು. ಹಿಂದೆ ಅವರು ರೇಡಿಯೊದೊಳಗಿದ್ದರು, ಆಮೇಲೆ ಟೇಪ್ ರೆಕಾರ್ಡರಿಗೆ ಬಂದರು, ಈಗ ಮೊಬೈಲಿನಲ್ಲೋ ಅಂಗೈಯಗಲದ ಬ್ಲೂಟೂತ್ ಸ್ಪೀಕರಿನಲ್ಲೋ ಇದ್ದಾರೆ. ಮಳೆಗಾಲ ಹಿಡಿದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ತಾಳಮದ್ದಳೆಯ ಸರದಿ. ಶಿರಸಿ, ಯಲ್ಲಾಪುರದ ಕಡೆಯೂ ಕಥೆ ಇದೇ. ಬೆಂಗಳೂರಿಗೆ ಹೋಗಿ ನೆಲೆಸಿದ ಮಕ್ಕಳು ಮೆಟ್ರೊದಲ್ಲಿ ನಿಂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವುದೂ ಇದನ್ನೇ.

ಇಷ್ಟು ಬಗೆಯ ಕೇಳುಗರೂ ಹೇಳುವ ದೂರು ಒಂದೇ: ಚಂಡೆ ಕೇಳುತ್ತದೆ, ಪದ ಕೇಳುವುದಿಲ್ಲ. ಭಾಗವತರ ದನಿ ಇದೆ, ರಾಗ ಇದೆ, ಏರಿಳಿತ ಇದೆ. ಹೇಳಿದ ಸಾಹಿತ್ಯ ಏನೆಂದು ಮಾತ್ರ ಗೊತ್ತಾಗುವುದಿಲ್ಲ. ತಪ್ಪು ಭಾಗವತರ ಉಚ್ಚಾರದ್ದೆಂದು ನಾವು ತೀರ್ಮಾನಿಸಿಬಿಡುತ್ತೇವೆ. ನಾನು ಹೇಳುವುದೇನೆಂದರೆ, ಹೆಚ್ಚಿನ ಸಲ ತಪ್ಪು ಅವರದ್ದಲ್ಲ, ಮಿಕ್ಸಿಂಗಿನದ್ದು.

ಮಿಕ್ಸಿಂಗ್ ಎಂದರೆ ಬೇರೆ ಬೇರೆ ಮೈಕುಗಳಲ್ಲಿ ಹಿಡಿದ ಶಬ್ದಗಳನ್ನು ಒಂದೇ ಹಾಡಾಗಿ ಕೂಡಿಸುವ ಕೆಲಸ. ಯಾವುದು ಎಷ್ಟು ಜೋರು, ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಯಾವುದು ಹತ್ತಿರ, ಯಾವುದು ದೂರ ಎಂಬುದೆಲ್ಲ ನಿಶ್ಚಯವಾಗುವುದು ಅಲ್ಲಿ. ಎದುರಿಗೆ ಸಾಲು ಸಾಲು ಫೇಡರುಗಳು (ಶಬ್ದ ಏರಿಳಿಸುವ ಜಾರುಗುಂಡಿಗಳು) ಇರುವುದರಿಂದ ಇದು ಯಂತ್ರದ ಕೆಲಸ ಎಂದು ತೋರುತ್ತದೆ. ನಿಜವಾಗಿ ಇದು ಇನ್ನೊಬ್ಬರ ಪರವಾಗಿ ಕೇಳುವ ಕೆಲಸ. ಆ ಇನ್ನೊಬ್ಬರು ಯಾರು, ಎಲ್ಲಿ ಕೂತಿದ್ದಾರೆ ಎಂದು ಗೊತ್ತಿಲ್ಲದೆ ಮಾಡಿದರೆ ಕೆಡುತ್ತದೆ. ಯಕ್ಷಗಾನದಷ್ಟು ಸ್ಪಷ್ಟವಾಗಿ ಇದು ತೋರುವ ಸಂಗೀತ ನಮ್ಮ ಕಡೆ ಇನ್ನೊಂದಿಲ್ಲ.

ಬಡಗುತಿಟ್ಟಿನ ಹಿಮ್ಮೇಳ ಹೇಗೆ ಕೂರುತ್ತದೆ ಎಂದು ನೋಡಿ. ನಡುವೆ ಭಾಗವತರು, ಅವರ ಕೈಯಲ್ಲೇ ಕಂಚಿನ ತಾಳ. ಪಕ್ಕದಲ್ಲಿ ಮದ್ದಳೆ, ಕೂಗಳತೆಯೂ ಬೇಡ, ಕೈಯಳತೆಯಲ್ಲೇ ಚಂಡೆ. ಶ್ರುತಿಗೆ ಹಿಂದೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ, ಈಗ ಎಲೆಕ್ಟ್ರಾನಿಕ್ ಪೆಟ್ಟಿಗೆ. ಮೈಕು ಇಲ್ಲದ ಕಾಲದಲ್ಲಿ ಈ ಚಂಡೆಯ ಪಕ್ಕ ಕೂತು ಗದ್ದೆಯ ಕೊನೆಯವರೆಗೆ ಪದ ಮುಟ್ಟಿಸಬೇಕಾಗಿದ್ದರಿಂದಲೇ ಭಾಗವತರು ಏರು ಶ್ರುತಿಯಲ್ಲಿ ಹಾಡಿದರು. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅದನ್ನು ಗಂಟಲಿನಿಂದಲೇ ತುಂಬಿಕೊಡಬೇಕಿತ್ತು. ಜೊತೆಗೆ ಒಂದು ಹಂಚಿಕೆಯೂ ಇತ್ತು: ಶೃಂಗಾರ, ಕರುಣ ರಸದ ಪದಕ್ಕೆ ಮದ್ದಳೆ ಸಾಕು, ಯುದ್ಧ, ವೀರ, ರೌದ್ರಕ್ಕೆ ಚಂಡೆ. ಒಳ್ಳೆಯ ಚಂಡೆಯವರು ಪದದ ಸಾಲು ನಡೆಯುವಾಗ ಕೈ ಹಗುರ ಮಾಡಿ, ಸಾಲು ಮುಗಿದ ಕೂಡಲೇ ತುಂಬಿ ಬಾರಿಸುತ್ತಾರೆ. ಅಂದರೆ ಮಿಕ್ಸಿಂಗ್ ಎಂಬುದು ರಂಗಸ್ಥಳದಲ್ಲಿ ಯಾವ ಪೆಟ್ಟಿಗೆಯೂ ಇಲ್ಲದೆ ನಡೆಯುತ್ತಲೇ ಇತ್ತು, ಮಾಡುತ್ತಿದ್ದವರು ಕಲಾವಿದರೇ.

ಆಮೇಲೆ ಮೈಕ್ ಸೆಟ್ ಬಂತು. ಅಡಕೆ ಮರಕ್ಕೆ ಕಟ್ಟಿದ ಕಹಳೆಯಾಕಾರದ ಹಾರ್ನ್ ಸ್ಪೀಕರು, ಕೆಳಗೆ ಅಹುಜಾ ಆಂಪ್ಲಿಫೈಯರು. ಮೈಕಾಸುರ ಎಂದು ಅದನ್ನು ಬೈದವರು ಬಹಳ ಮಂದಿ. ಆದರೆ ಆ ಹಾರ್ನಿನ ಪರವಾಗಿ ಒಂದು ಮಾತು ಹೇಳಲೇಬೇಕು. ಅದರಲ್ಲಿ ಬೇಸ್ ಇರಲಿಲ್ಲ, ತೀರಾ ಮೇಲಿನ ಸ್ವರಗಳೂ ಇರಲಿಲ್ಲ. ಮನುಷ್ಯನ ಮಾತು ಇರುವ ನಡುವಣ ಪಟ್ಟಿ ಮಾತ್ರ ಹಾಯುತ್ತಿತ್ತು. ಹಾಗಾಗಿ ಕಿವಿಗೆ ಕೊರೆಯುವಂತಿದ್ದರೂ ಪದ ಬಿಡಿಬಿಡಿಯಾಗಿ ಕೇಳುತ್ತಿತ್ತು. ಇಂದಿನ ದೊಡ್ಡ ದೊಡ್ಡ ಬೇಸ್ ಪೆಟ್ಟಿಗೆಗಳ ಎದುರು ಕೂತರೆ ಎದೆ ನಡುಗುತ್ತದೆ, ಸಾಹಿತ್ಯ ಸಿಗುವುದಿಲ್ಲ. ಮೇಲಿಂದ ಎಕೋ ಬೇರೆ. ಭಾಗವತರ ದನಿಗೆ ಅಷ್ಟು ಎಕೋ ಹಾಕಬೇಕೆಂದು ಯಾರು ಯಾವಾಗ ನಿರ್ಧರಿಸಿದರೋ! ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬಿದ್ದರೆ ದನಿ ದೊಡ್ಡದಾದಂತೆ ಅನಿಸುತ್ತದೆ, ನಿಜ. ಆದರೆ ವೇಗದ ಗತಿಯ ಪದದಲ್ಲಿ ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ರೆಕಾರ್ಡಿಂಗಿಗೆ ಬಂದರೆ ತೊಡಕು ಇನ್ನೂ ಹೆಚ್ಚು. ಭಾಗವತರ ಮೈಕಿಗೆ ಭಾಗವತರಷ್ಟೇ ಬೀಳುವುದಿಲ್ಲ. ಪಕ್ಕದ ಚಂಡೆಯೂ ಬೀಳುತ್ತದೆ, ಕೈಯ ತಾಳವಂತೂ ನೇರವಾಗಿಯೇ ಬೀಳುತ್ತದೆ. ಪದ ಕೇಳುತ್ತಿಲ್ಲವೆಂದು ಆ ಫೇಡರನ್ನು ಏರಿಸಿದರೆ ಜೊತೆಯಲ್ಲಿ ಚಂಡೆಯೂ ಏರುತ್ತದೆ. ಶಬ್ದ ಒಂದು ಮೀಟರು ದಾಟಲು ಸುಮಾರು 3 ಮಿಲಿಸೆಕೆಂಡು ಬೇಕು. ಒಂದೇ ಚಂಡೆಯ ಪೆಟ್ಟು ತನ್ನ ಮೈಕಿಗೆ ಮೊದಲು, ಭಾಗವತರ ಮೈಕಿಗೆ ಒಂದೆರಡು ಕ್ಷಣಾಂಶ ತಡವಾಗಿ ತಲುಪಿ, ಎರಡೂ ಕೂಡಿದಾಗ ಕೆಲವು ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಚಂಡೆ ಡಬ್ಬಿ ಬಡಿದಂತೆ ಕೇಳುವುದು ಹೀಗೆ. ಸ್ಟುಡಿಯೊದಲ್ಲಿ ಗಾಜಿನ ಗೋಡೆ ಹಾಕಿ ಒಬ್ಬೊಬ್ಬರನ್ನು ಒಂದೊಂದು ಕೋಣೆಯಲ್ಲಿ ಕೂರಿಸಿದರೆ ಈ ತಾಪತ್ರಯ ತಪ್ಪುತ್ತದೆ. ಆದರೆ ಭಾಗವತರ ತಲೆಯಾಟ, ಕಣ್ಣಿನ ಸನ್ನೆ, ಮದ್ದಳೆಯವರ ಮುಗುಳ್ನಗೆ ಇವುಗಳಿಂದ ನಡೆಯುವ ಕಲೆಯನ್ನು ಹೆಡ್‌ಫೋನಿನಲ್ಲಿ ಕೂಡಿಸಿದರೆ ಲೆಕ್ಕ ಸರಿಯಿರುತ್ತದೆ, ಆಟ ಕಳೆಗಟ್ಟುವುದಿಲ್ಲ. ನನ್ನನ್ನು ಕೇಳಿದರೆ ಒಂದೇ ಕೋಣೆಯಲ್ಲಿ ಕೂರಿಸಿ, ಚಂಡೆಯನ್ನು ಹತ್ತಡಿ ಹಿಂದೆ ಸರಿಸಿ, ನಡುವೆ ಹಾಸಿಗೆಯದೋ ಕಂಬಳಿಯದೋ ಮರೆ ಕಟ್ಟುವುದು ಮೇಲು.

ಚಂಡೆಯ ಪೆಟ್ಟಿನ ಗುಣವನ್ನೂ ಸ್ವಲ್ಪ ತಿಳಿಯಬೇಕು. ಅದು ಥಟ್ಟನೆ ಏರಿ ಥಟ್ಟನೆ ಇಳಿಯುವ ಶಬ್ದ. ಅದರ ತುದಿ, ಹಾಡಿನ ಸರಾಸರಿ ಜೋರಿಗಿಂತ ಬಹಳ ಮೇಲೆ. ಇಡೀ ಹಾಡನ್ನು ಜೋರು ಮಾಡಬೇಕೆಂದು ಹೊರಟವರು ಕೊನೆಯಲ್ಲಿ ಲಿಮಿಟರ್ ಎಂಬ ಸಾಧನ ಹಾಕುತ್ತಾರೆ. ಗೆರೆ ದಾಟಿದ ಶಬ್ದವನ್ನು ಅದು ತಲೆ ಒತ್ತಿ ಕೆಳಗಿಳಿಸುತ್ತದೆ. ಒತ್ತುವಾಗ ಚಂಡೆಯನ್ನಷ್ಟೇ ಅಲ್ಲ, ಆ ಕ್ಷಣದಲ್ಲಿ ಇದ್ದುದನ್ನೆಲ್ಲ ಒತ್ತುತ್ತದೆ. ಪ್ರತಿ ಪೆಟ್ಟಿಗೂ ಭಾಗವತರ ದನಿ ಒಮ್ಮೆ ಮುಳುಗಿ ಮತ್ತೆ ಏಳುತ್ತದೆ. ಏರು ಪದಗಳಲ್ಲಿ ಸಾಹಿತ್ಯ ಕಾಣೆಯಾಗುವ ಮುಖ್ಯ ಗುಟ್ಟು ಇಲ್ಲಿದೆ. ಚಂಡೆಯೊಂದಕ್ಕೇ ಪ್ರತ್ಯೇಕವಾಗಿ ಕಡಿವಾಣ ಹಾಕಿ, ಒಟ್ಟು ಹಾಡನ್ನು ಅದರಷ್ಟಕ್ಕೆ ಬಿಟ್ಟರೆ ಈ ಕಾಟ ಇಲ್ಲ.

ಎರಡನೆಯದು ಮರೆಮಾಡುವ ಗುಣ. ಕನ್ನಡದ ‘ತ’, ‘ಸ’, ‘ಚ’, ‘ಪ’ ಇಂಥ ವ್ಯಂಜನಗಳನ್ನು ಒಂದರಿಂದ ಇನ್ನೊಂದು ಬೇರೆ ಎಂದು ಗುರುತಿಸುವ ಸುಳಿವು ಹೆಚ್ಚಾಗಿ ಇರುವುದು 2,000 ಹರ್ಟ್ಸ್‌ಗಿಂತ ಮೇಲಿನ ಪಟ್ಟಿಯಲ್ಲಿ. ಮನುಷ್ಯನ ಕಿವಿ ಅತಿ ಚುರುಕಾಗಿರುವುದೂ ಸುಮಾರು 3,000-4,000 ಹರ್ಟ್ಸ್ ಆಸುಪಾಸಿನಲ್ಲಿ. ಕೋಲು ಚರ್ಮಕ್ಕೆ ತಾಗಿದ ‘ಟಣ್’ ಮತ್ತು ತಾಳದ ಕಿಣಿ ಎರಡೂ ಅದೇ ಜಾಗಕ್ಕೆ ಬಂದು ಕೂರುತ್ತವೆ. ಒಂದೇ ಪಟ್ಟಿಯಲ್ಲಿ ಜೋರಾದ ಶಬ್ದ ಇದ್ದರೆ ಮೆದುವಾದದ್ದು ಕಿವಿಗೆ ತಲುಪಿಯೂ ಕೇಳಿಸುವುದಿಲ್ಲ. ಇದಕ್ಕೆ ಮದ್ದು ಚಂಡೆಯ ಜೋರು ಇಳಿಸುವುದೇ ಆಗಬೇಕಿಲ್ಲ. ಪದ ನಡೆಯುವಾಗ ಮಾತ್ರ ಚಂಡೆಯ ಆ ಪಟ್ಟಿಯೊಂದನ್ನು ಮೂರ್ನಾಲ್ಕು ಡೆಸಿಬೆಲ್ ತಗ್ಗಿಸಿ, ಸಾಲು ಮುಗಿದೊಡನೆ ಬಿಟ್ಟುಬಿಡಬಹುದು. ಈಗಿನ ತಂತ್ರಾಂಶಗಳು ಇದನ್ನು ತಾವೇ ಮಾಡುತ್ತವೆ. ಹಳೆಯ ಚಂಡೆಯವರು ಕೈ ಹಗುರ ಮಾಡುತ್ತಿದ್ದುದೂ ಇದನ್ನೇ ಅಲ್ಲವೆ?

ಇಷ್ಟೆಲ್ಲ ಗೊತ್ತಿದ್ದೂ ಮಿಕ್ಸ್ ಏಕೆ ಕೆಡುತ್ತದೆ? ನನಗೆ ಕಾಣುವ ಕಾರಣ ಇದು. ಮಿಕ್ಸ್ ಮಾಡುವವರು ಆ ಪದವನ್ನು ನೂರಾರು ಸಲ ಕೇಳಿರುತ್ತಾರೆ. ಪಕ್ಕದಲ್ಲಿ ಕೂತ ಭಾಗವತರಿಗಂತೂ ಬಾಯಿಪಾಠ. ಗೊತ್ತಿರುವ ಸಾಹಿತ್ಯವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಚಂಡೆಯಡಿ ಹೂತುಹೋದ ಅಕ್ಷರವೂ ಕೇಳಿಸಿದಂತೆಯೇ ಆಗುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜಕ್ಕೂ ಕೇಳುತ್ತಿದೆ. ಹಿಂದಿನ ಪ್ರೇಕ್ಷಕರಿಗೂ ಹೀಗೇ ನಡೆದುಹೋಗುತ್ತಿತ್ತು, ಏಕೆಂದರೆ ಗದಾಪರ್ವವೋ ಕೃಷ್ಣಸಂಧಾನವೋ ಆದರೆ ಅರ್ಧ ಊರಿಗೆ ಪದ ಬರುತ್ತಿತ್ತು. ಇವತ್ತಿನ ಹುಡುಗನಿಗೆ ಪ್ರಸಂಗವೇ ಹೊಸದು. ಅವನ ಮಟ್ಟಿಗೆ ಕೇಳದ ಅಕ್ಷರ ಇಲ್ಲದ ಅಕ್ಷರವೇ.

ರೇಡಿಯೊ ಮತ್ತು ಕ್ಯಾಸೆಟ್ಟಿನ ಕಾಲ ಈ ವಿಷಯದಲ್ಲಿ ಒಂದು ಬಗೆಯ ಶಿಸ್ತನ್ನು ಹೇರಿತ್ತು. ಆಕಾಶವಾಣಿ ಧಾರವಾಡ 1950ರಲ್ಲಿ, ಭದ್ರಾವತಿ 1965ರಲ್ಲಿ ಶುರುವಾದವು. ಮಲೆನಾಡಿನ ಮನೆಗಳಿಗೆ ಯಕ್ಷಗಾನ ಗಾಳಿಯಲ್ಲಿ ಬಂದದ್ದು ಈ ಮಧ್ಯಮ ತರಂಗದ ಕೇಂದ್ರಗಳಿಂದ. ಮಧ್ಯಮ ತರಂಗದಲ್ಲಿ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನದು ಕೇಳುಗನಿಗೆ ತಲುಪುವುದೇ ಕಷ್ಟ, ಎಡ-ಬಲ ಎಂಬುದೂ ಇಲ್ಲ. ಆದ್ದರಿಂದ ಎಲ್ಲವನ್ನೂ ಆ ಕಿರಿದಾದ ದಾರಿಯಲ್ಲೇ ಹೊಂದಿಸಬೇಕಿತ್ತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮ ಕಡೆ ಮನೆಮನೆಗೆ ಬಂದದ್ದು 80ರ ದಶಕದಲ್ಲಿ. ಸಿ-60 ಕ್ಯಾಸೆಟ್ಟಿನ ಒಂದು ಮಗ್ಗುಲು 30 ನಿಮಿಷ, ರಾತ್ರಿಯಿಡೀ ಆಗುವ ಪ್ರಸಂಗವನ್ನು ಅದರೊಳಗೆ ಹಿಡಿಸಬೇಕು. ಸಾಲಿಗ್ರಾಮ ಮೇಳದ ಭಾಗವತ ಕಾಳಿಂಗ ನಾವಡರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 32 ತುಂಬಿರಲಿಲ್ಲ. ಅವರ ದನಿ ಇಂದಿಗೂ ಉಳಿದದ್ದು ಬಹುಪಾಲು ಆ ಕ್ಯಾಸೆಟ್ಟುಗಳಿಂದಲೇ. ಒಂದರಿಂದ ಒಂದಕ್ಕೆ ಪ್ರತಿ ಮಾಡುತ್ತ ಹೋದಂತೆ ‘ಸುಯ್’ ಎನ್ನುವ ಸದ್ದು ಏರಿತು, ಮೇಲಿನ ಸ್ವರಗಳು ಸವೆದವು. ಆದರೂ ಪದ ಕೇಳುತ್ತದೆ. ಕ್ಯಾಸೆಟ್ಟು ಮೊದಲು ಕಳೆದುಕೊಳ್ಳುವುದು ತುದಿಗಳನ್ನು, ನಾವಡರ ಕಂಠದ ಬಲವೆಲ್ಲ ನಡುವೆ ಇತ್ತು.

ಒಂದೇ ಅಳತೆಯ ಮಿಕ್ಸ್ ಎಲ್ಲರಿಗೂ ಹೊಂದುವುದಿಲ್ಲ ಎಂಬುದಕ್ಕೆ ನಮ್ಮ ಶಿರಸಿ ಕಡೆಯ ನೆಬ್ಬೂರು ನಾರಾಯಣ ಭಾಗವತರೇ ಸಾಕ್ಷಿ. ಇಡಗುಂಜಿ ಮೇಳದಲ್ಲಿ ದಶಕಗಳ ಕಾಲ ಪದ ಹೇಳಿ 2019ರಲ್ಲಿ ತೀರಿಕೊಂಡ ಅವರದು ಅಬ್ಬರದ ಹಾಡಿಕೆಯಲ್ಲ, ಭಾವ ಹಿಡಿದು ನಿಲ್ಲಿಸುವ ಹಾಡಿಕೆ. ನಾವಡರಿಗೆ ಇಟ್ಟಂತೆ ಅವರಿಗೂ ಚಂಡೆಯನ್ನು ಇಟ್ಟರೆ ಸೊಗಸೆಲ್ಲ ಹೋಯಿತು. ಹಿಂದಿನ ರೆಕಾರ್ಡಿಂಗಿನ ಸೆಟ್ಟಿಂಗನ್ನೇ ಮುಂದಿನದಕ್ಕೂ ಎತ್ತಿಡುವ ಅಭ್ಯಾಸ ಸ್ಟುಡಿಯೊಗಳಲ್ಲಿ ಇದೆ. ಯಕ್ಷಗಾನಕ್ಕೆ ಅದು ಸಲ್ಲದು.

ಹೊರದೇಶದ ಸ್ಟುಡಿಯೊಗಳು ಕೇಳುಗನ ಜಾಗವನ್ನು ಬಹಳ ಹಿಂದೆಯೇ ಲೆಕ್ಕಕ್ಕೆ ತಂದುಕೊಂಡಿದ್ದವು. ಅಮೆರಿಕದ ಡೆಟ್ರಾಯಿಟಿನ ಮೋಟೌನ್ ಕಂಪನಿ 60ರ ದಶಕದಲ್ಲೇ ತನ್ನ ಹಾಡುಗಳನ್ನು ಕಾರಿನ ರೇಡಿಯೊದಂಥ ಸಣ್ಣ ಸ್ಪೀಕರಿನಲ್ಲಿ ಹಾಕಿ ನೋಡುತ್ತಿತ್ತು, ಕೊಳ್ಳುವ ಹುಡುಗರು ಕೇಳುವುದು ಕಾರಿನಲ್ಲಿ ಎಂದು ಅವರಿಗೆ ಗೊತ್ತಿತ್ತು. ಆಮೇಲೆ ಆರಾಟೋನ್ ಎಂಬ ಪುಟ್ಟ ಚೌಕದ ಸ್ಪೀಕರು, 1978ರಲ್ಲಿ ಬಂದ ಯಮಾಹಾ ಎನ್‌ಎಸ್-10 ಇವೆಲ್ಲ ಸ್ಟುಡಿಯೊಗಳಲ್ಲಿ ಕೂತದ್ದು ಚೆನ್ನಾಗಿ ಕೇಳಿಸಲೆಂದಲ್ಲ, ಸಾಮಾನ್ಯ ಮನೆಯಲ್ಲಿ ಹೇಗೆ ಕೇಳೀತು ಎಂದು ತಿಳಿಯಲು. ಬಿಳಗಿಯ ಮಟ್ಟಿಗೆ ಆ ಪರೀಕ್ಷೆಯ ಸ್ಪೀಕರು ಯಾವುದು? ಅಡಕೆ ಸುಲಿಯುವಲ್ಲಿಟ್ಟ ಮೊಬೈಲು.

ಮೊಬೈಲಿನ ಸ್ಪೀಕರಿಗೆ ಕೆಳಗಿನ ಸ್ವರ ನುಡಿಸುವ ಶಕ್ತಿಯಿಲ್ಲ. ಕೆಲವು ನೂರು ಹರ್ಟ್ಸ್‌ಗಿಂತ ಕೆಳಗೆ ಅದು ಸುಮ್ಮನಾಗುತ್ತದೆ. ಮದ್ದಳೆಯ ‘ಧೀಂ’ ಅಲ್ಲಿ ಬರೀ ತಟ್ಟಿದ ಸದ್ದಾಗುತ್ತದೆ. ಯಲ್ಲಾಪುರ ಕಡೆಯ ಸಿದ್ದಿ ಜನರ ಡಮಾಮಿ ವಾದ್ಯವನ್ನು ಮೊಬೈಲಿನಲ್ಲಿ ಕೇಳಿ ಇದೇನು ಮಹಾ ಎಂದವರು ಒಮ್ಮೆ ಎದುರಿಗೆ ನಿಂತು ಕೇಳಬೇಕು. ಇದಕ್ಕೆ ಬೇಸ್ ಏರಿಸುವುದು ಉಪಾಯವಲ್ಲ, ಇಲ್ಲದ ಸ್ಪೀಕರಿಗೆ ಎಷ್ಟು ಏರಿಸಿದರೂ ಅಷ್ಟೆ. ಅದೃಷ್ಟಕ್ಕೆ ಕಿವಿಗೆ ಒಂದು ಜಾಣ್ಮೆ ಇದೆ: ಮೂಲಸ್ವರ ಇಲ್ಲದಿದ್ದರೂ ಅದರ ಎರಡರಷ್ಟು, ಮೂರರಷ್ಟು ಎತ್ತರದ ಉಪಸ್ವರಗಳು ಕೇಳಿದರೆ ಸಾಕು, ಮೂಲವನ್ನು ತಾನೇ ಊಹಿಸಿಕೊಳ್ಳುತ್ತದೆ. ಮದ್ದಳೆಯ ಆ ಉಪಸ್ವರಗಳನ್ನು ತುಸು ಎತ್ತಿ ತೋರಿಸಿದರೆ ಪುಟ್ಟ ಸ್ಪೀಕರಿನಲ್ಲೂ ಮದ್ದಳೆ ಮದ್ದಳೆಯೇ ಆಗಿರುತ್ತದೆ.

ಎಡ-ಬಲದ ವಿಷಯವೂ ಹೀಗೆಯೇ. ದೊಡ್ಡ ಸ್ಪೀಕರಿನ ಎದುರು ಕೂತು ಚಂಡೆಯನ್ನು ಪೂರ್ತಿ ಎಡಕ್ಕೂ ಮದ್ದಳೆಯನ್ನು ಪೂರ್ತಿ ಬಲಕ್ಕೂ ಎಳೆದರೆ ರಂಗಸ್ಥಳವೇ ಮುಂದೆ ಬಂದಂತಾಗುತ್ತದೆ. ಒಂದೇ ಸ್ಪೀಕರಿನ ಬ್ಲೂಟೂತ್ ಡಬ್ಬಿಯಲ್ಲಿ ಎಡವೂ ಬಲವೂ ಒಂದಾಗಿ, ಕೃತಕವಾಗಿ ಅಗಲ ಮಾಡಿದ ಶಬ್ದಗಳು ಪರಸ್ಪರ ಕಳೆದುಹೋಗುತ್ತವೆ. ಇಬ್ಬರು ಸೇರಿ ಒಂದೊಂದು ಇಯರ್‌ಫೋನ್ ಹಂಚಿಕೊಂಡರಂತೂ ಒಬ್ಬನಿಗೆ ಚಂಡೆ, ಇನ್ನೊಬ್ಬನಿಗೆ ಮದ್ದಳೆ! ಮಿಕ್ಸನ್ನು ಮೊದಲು ಮೊನೊದಲ್ಲಿ ಸರಿಮಾಡಿ ಆಮೇಲೆ ಅಗಲಿಸುವುದು ಹಳೆಯ ಕ್ರಮ, ಇವತ್ತಿಗೂ ಅದೇ ಒಳ್ಳೆಯದು. ಇನ್ನು ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ಹೋಗುವ ಫೈಲುಗಳು. ಒಂದೊಂದು ಸಲ ಕುಗ್ಗಿಸಿದಾಗಲೂ ಮೊದಲು ಕೆಡುವುದು ತಾಳದ ಕಿಣಿನಾದ. ಅದು ನೀರಿನೊಳಗಿನಿಂದ ಬಂದಂತೆ ಗುಳುಗುಳು ಆಗುತ್ತದೆ. ತಾಳವನ್ನು ಮಿಕ್ಸಿನಲ್ಲೇ ಹದವಾಗಿ ಇಟ್ಟಿದ್ದರೆ ಕೆಡಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ.

ಎಷ್ಟು ಜೋರಾಗಿ ಕೇಳುತ್ತ ಮಿಕ್ಸ್ ಮಾಡುತ್ತೇವೆ ಎಂಬುದೂ ಮುಖ್ಯ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿಕೊಟ್ಟಂತೆ, ಶಬ್ದ ಮೆಲ್ಲಗಾದಾಗ ಕಿವಿ ಕೆಳಗಿನ ಸ್ವರಗಳನ್ನು ಬೇಗ ಬಿಟ್ಟುಕೊಡುತ್ತದೆ. ಸ್ಟುಡಿಯೊದಲ್ಲಿ ಗುಡುಗಿಸಿಕೊಂಡು ಹೊಂದಿಸಿದ್ದು ರಾತ್ರಿ ಮಲಗುವ ಹೊತ್ತಿಗೆ ಮೆಲ್ಲಗೆ ಹಾಕಿಕೊಂಡವರಿಗೆ ಬೇರೆಯೇ ಆಗಿ ಕೇಳುತ್ತದೆ. ಮಳೆಗಾಲದ ಲೆಕ್ಕ ಇನ್ನೊಂದು: ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬೀಳುವಾಗ ಎಲ್ಲ ಪಟ್ಟಿಗಳೂ ಒಟ್ಟಿಗೆ ಮುಚ್ಚಿಹೋಗುತ್ತವೆ, ಮೆಲ್ಲನೆಯದೆಲ್ಲ ಹೋಗಿ ಜೋರಿನದಷ್ಟೇ ಉಳಿಯುತ್ತದೆ.

ಮಳೆಗಾಲ ಎಂದರೆ ತಾಳಮದ್ದಳೆ ಎಂದೆ. ಅಲ್ಲಿ ಕುಣಿತವಿಲ್ಲ, ವೇಷವಿಲ್ಲ, ಇರುವುದೆಲ್ಲ ಪದ ಮತ್ತು ಅರ್ಥ, ಅಂದರೆ ಪಾತ್ರದ ಪರವಾಗಿ ಅರ್ಥಧಾರಿ ಆಡುವ ಮಾತು. ಆದರೆ ಯೂಟ್ಯೂಬಿನಲ್ಲಿ ಸಿಗುವ ಎಷ್ಟೋ ಕೂಟಗಳನ್ನು ಕೇಳುವಾಗ ಕೈ ವಾಲ್ಯೂಮ್ ಗುಂಡಿಯ ಮೇಲೇ ಇರಬೇಕಾಗುತ್ತದೆ. ಅರ್ಥಧಾರಿ ಕರ್ಣನ ಅಳಲನ್ನು ತಗ್ಗಿದ ದನಿಯಲ್ಲಿ ತೋಡಿಕೊಳ್ಳುತ್ತಾನೆ, ಕೇಳುತ್ತಿಲ್ಲವೆಂದು ಏರಿಸಿದರೆ ಮುಂದಿನ ಪದಕ್ಕೆ ಮನೆಯವರೆಲ್ಲ ಬೆಚ್ಚುತ್ತಾರೆ. ಕೂಟದ ಮಿಕ್ಸಿನಲ್ಲಿ ಮೊದಲು ಮಾತಿನ ಮಟ್ಟ ನಿಲ್ಲಬೇಕು; ಪದ ಅದಕ್ಕಿಂತ ಮೂರ್ನಾಲ್ಕು ಡೆಸಿಬೆಲ್ ಮೇಲಿದ್ದರೆ ಧಾರಾಳವಾಯಿತು. ಅರ್ಥಧಾರಿಯ ಮೌನವನ್ನು ಮಾತ್ರ ಕತ್ತರಿಸಬಾರದು. ಸಮಯ ಉಳಿಸಲೆಂದು ಮಾತಿನ ನಡುವಣ ಬಿಡುವುಗಳನ್ನು ಕತ್ತರಿಸಿದ ರೆಕಾರ್ಡಿಂಗ್ ಕೇಳಿದ್ದೇನೆ, ವಾದ ಅಲ್ಲಿ ಜಗಳದಂತೆ ಕೇಳುತ್ತದೆ.

ಆಟದ ರೆಕಾರ್ಡಿಂಗಿಗೆ ಇದಕ್ಕೆ ವಿರುದ್ಧವಾದ ಕೊರತೆ. ರಂಗದಲ್ಲಿ ಚಂಡೆ ದೀರ್ಘವಾಗಿ ನುಡಿಯುವುದು ಕುಣಿಯುವವನ ಕಾಲಿಗಾಗಿ. ಬರೀ ಕೇಳುವವನಿಗೆ ಕುಣಿಯುವವನೇ ಇಲ್ಲ. ಗೆಜ್ಜೆಯ ಸದ್ದಿಗೆ ನೆಲಮಟ್ಟದಲ್ಲಿ ಒಂದು ಮೈಕಿಟ್ಟು ಚಂಡೆಯ ಜೊತೆ ಸ್ವಲ್ಪ ಬೆರೆಸಿದರೆ ಆ ಜಾಗ ತುಂಬುತ್ತದೆ.

ಯಲ್ಲಾಪುರ ತಾಲೂಕಿನ ಹಾಸಣಗಿಯಲ್ಲಿ ಕೂತು ದೇಶವೆಲ್ಲ ಕೇಳುವಂತೆ ಹಾಡಿದ, ಬಸವರಾಜ ರಾಜಗುರುಗಳ ಶಿಷ್ಯ ಪಂಡಿತ್ ಗಣಪತಿ ಭಟ್ಟರಂಥವರ ಹಿಂದೂಸ್ತಾನಿ ಸಂಗೀತಕ್ಕೆ ಬೇರೆಯೇ ಅಳತೆ ಬೇಕು. ವಿಲಂಬಿತದಲ್ಲಿ ಪಿಸುಮಾತಿನಷ್ಟು ಮೆಲ್ಲಗೆ ಶುರುವಾದ ಷಡ್ಜ ಗಂಟೆ ಕಳೆದು ತಾನದ ರಭಸಕ್ಕೆ ಬರುವ ದೂರವೇ ಅಲ್ಲಿ ರುಚಿ. ಎಲ್ಲವನ್ನೂ ಒಂದೇ ಜೋರಿಗೆ ತಂದರೆ ಆ ದೂರ ಉಳಿಯುವುದಿಲ್ಲ. ಯಕ್ಷಗಾನಕ್ಕೆ ಬೇಕಾದ ಕಡಿವಾಣ ಖಯಾಲಿಗೆ ಬೇಡ.

ಇಷ್ಟಾಗಿಯೂ ಜೋರು ಮಾಡುವ ಹುಚ್ಚು ಹೋಗಿಲ್ಲ. ಪಕ್ಕದವರ ಹಾಡಿಗಿಂತ ನಮ್ಮದು ಜೋರಾಗಿರಲಿ ಎಂಬ ಪೈಪೋಟಿ ಜಗತ್ತಿನೆಲ್ಲೆಡೆ ನಡೆಯಿತು; 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಅಭಿಮಾನಿಗಳೇ ಶಬ್ದ ಹರಿದುಹೋಗಿದೆ ಎಂದು ದೂರಿದರು. ಈಗ ಆ ಪೈಪೋಟಿಗೆ ಅರ್ಥವೂ ಇಲ್ಲ. ಯೂಟ್ಯೂಬ್ ಹಾಗೂ ಸ್ಪಾಟಿಫೈ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಸರಾಸರಿ ಜೋರಿನ ಅಳತೆ) ಎಂಬ ಮಟ್ಟ ಇಟ್ಟುಕೊಂಡು ಅದಕ್ಕಿಂತ ಜೋರಾದುದನ್ನು ತಾವೇ ತಗ್ಗಿಸುತ್ತವೆ. ಚಂಡೆಯ ತಲೆ ಒತ್ತಿ, ಪದ ಮುಳುಗಿಸಿ ಗಳಿಸಿದ ಜೋರನ್ನು ಅವರು ಕಿತ್ತುಕೊಳ್ಳುತ್ತಾರೆ. ಮುಳುಗಿದ ಪದವನ್ನು ಮೇಲೆತ್ತಿ ಕೊಡುವವರು ಯಾರೂ ಇಲ್ಲ.

ನಷ್ಟ ಹೆಚ್ಚಾಗಿ ಆಗುವುದು ಹಿರಿಯರಿಗೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು, ಅಂದರೆ ವ್ಯಂಜನಗಳ ಸುಳಿವಿರುವ ಪಟ್ಟಿಯನ್ನೇ. ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು ಜನರಿಗೆ ಶ್ರವಣದೋಷಕ್ಕೆ ಆರೈಕೆ ಬೇಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತ್ತು. ಯಕ್ಷಗಾನದ ಅತಿ ನಿಷ್ಠಾವಂತ ಕೇಳುಗರು ಈ ಹಿರಿಯರೇ. ಅವರಿಗೆ ಶಬ್ದ ಸಾಲದೆಂದು ಮನೆಯವರು ಜೋರು ಮಾಡಿಕೊಡುತ್ತಾರೆ. ಸಾಲದಿರುವುದು ಜೋರಲ್ಲ, ಸ್ಪಷ್ಟತೆ.

ಹಾಗಾಗಿ ಊರಿನ ಮೇಳದ್ದೋ ಕೂಟದ್ದೋ ರೆಕಾರ್ಡಿಂಗ್ ಮಾಡಿಸುವವರಿಗೆ ಒಂದು ಮನವಿ. ಮಿಕ್ಸ್ ಮುಗಿಯಿತು ಎನ್ನುವ ಮೊದಲು ಆ ಪದ ಗೊತ್ತೇ ಇಲ್ಲದ ಇಬ್ಬರನ್ನು ಕರೆಯಿರಿ, ಒಬ್ಬರು ಎಪ್ಪತ್ತು ದಾಟಿದವರಾಗಿರಲಿ, ಒಬ್ಬರು ಹೈಸ್ಕೂಲಿನವರಾಗಿರಲಿ. ಮೊಬೈಲಿನ ಸ್ಪೀಕರಿನಲ್ಲೇ ಒಂದು ಏರು ಪದ ಹಾಕಿ, ಕೇಳಿದ ಸಾಹಿತ್ಯವನ್ನು ಹಾಳೆಯ ಮೇಲೆ ಬರೆಯಲು ಹೇಳಿ. ಬರೆದದ್ದನ್ನು ಪ್ರಸಂಗದ ಪುಸ್ತಕದೊಂದಿಗೆ ಹೋಲಿಸಿ. ಅರ್ಧಕ್ಕಿಂತ ಹೆಚ್ಚು ತಪ್ಪಿದ್ದರೆ ದಯವಿಟ್ಟು ಭಾಗವತರನ್ನು ಮತ್ತೆ ಹಾಡಲು ಕರೆಯಬೇಡಿ. ಚಂಡೆಯ ಫೇಡರನ್ನು ಇಳಿಸಿ, ಎಕೋ ತೆಗೆಯಿರಿ, ಮತ್ತೊಮ್ಮೆ ಬರೆಸಿ ನೋಡಿ.